ಸಾಹೇಬರ ಮೇಜು, ನನ್ನ ಬೀರು

ಗಂಡಹೆಂಡಿರು ಒಬ್ಬರನ್ನೊಬ್ಬರು ಪೂರ್ತಿಯಾಗಿ ಅರಿತುಕೊಳ್ಳಲು ಒಂದು ಜನ್ಮ ಬೇಕೆಂದು ಬಲ್ಲವರು ಹೇಳುತ್ತಾರೆ. ಸಾಹೇಬರೂ ಅವರ ಆಪ್ತ ಸಹಾಯಕನೂ ಅರಿತುಕೊಳ್ಳಲು ಒಂದು ತಿಂಗಳು ಸಾಕು. ಗಂಡನಾದವನು ಹೆಂಡತಿಯಿಂದ ಏನನ್ನಾದರೂ ಬಚ್ಚಿಟ್ಟಾನು. ಸಾಹೇಬರಾದವರು ಸಹಾಯಕನಿಂದ ಏನನ್ನೂ ಬಚ್ಚಿಡಲಾರರು. ಬಚ್ಚಿಟ್ಟದ್ದನ್ನು ಮತ್ತೆ ಹುಡುಕಿಕೊಡಬೇಕಾದವನೂ ಅವನೇ ತಾನೆ!

ಇದು ಅನುಭವದ ಮಾತು. ಈಗ ನಾನು ಕಾಲೇಜೊಂದರಲ್ಲಿ ಪಂಪ, ರನ್ನ, ಹರಿಹರರನ್ನು ಪಾಠ ಹೇಳಿಕೊಂಡು ನೆಮ್ಮದಿಯಾಗಿದ್ದೇನೆ. ಆದರೆ 2012ರಲ್ಲಿ ಕನ್ನಡ ಎಂ. ಎ. ಮುಗಿಸಿ ಮೈಸೂರಿನಿಂದ ಬೆಂಗಳೂರಿಗೆ ಬಂದಾಗ ನನ್ನ ಕೈಯಲ್ಲಿದ್ದುದು ಒಂದು ಪದವಿ, ಒಂದು ಟೈಪಿಂಗ್ ಪ್ರಮಾಣಪತ್ರ, ಮತ್ತು ಅಧ್ಯಾಪಕರ ಅರ್ಹತಾ ಪರೀಕ್ಷೆಗೆ ಮತ್ತೊಮ್ಮೆ ಕುಳಿತುಕೊಳ್ಳುವ ಧೈರ್ಯ. ಈ ಮೂರರಲ್ಲಿ ಕೆಲಸ ಕೊಡಿಸಿದ್ದು ಎರಡನೆಯದು. ಪೀಣ್ಯದ ಕೈಗಾರಿಕಾ ವಸಾಹತಿನಲ್ಲಿ ನೀರೆತ್ತುವ ಪಂಪುಗಳ ಭಾಗಗಳನ್ನು ತಯಾರಿಸುವ ಒಂದು ಕಾರ್ಖಾನೆ; ಅದರ ನಿರ್ದೇಶಕರಿಗೆ, ಕಾರ್ಮಿಕರಿಗೂ ಸರಕಾರಿ ಇಲಾಖೆಗಳಿಗೂ ಶುದ್ಧವಾದ ಕನ್ನಡದಲ್ಲಿ ಕಾಗದ ಬರೆಯಬಲ್ಲ ಒಬ್ಬ ಸಹಾಯಕ ಬೇಕಾಗಿದ್ದ. ಪೀಣ್ಯಕ್ಕೆ ಮೆಟ್ರೋ ಬಂದದ್ದು 2014ರ ಮಾರ್ಚ್ ತಿಂಗಳಲ್ಲಿ. ಅದಕ್ಕೆ ಮೊದಲು ಸಿಟಿ ಬಸ್ಸೇ ಗತಿ. ಮೊದಲ ದಿನ ಬಸ್ಸಿನಲ್ಲಿ ನಜ್ಜುಗುಜ್ಜಾಗಿ ಇಳಿದ ನಾನು ಸಾಹೇಬರ ಕೊಠಡಿಯ ಬಾಗಿಲು ತೆರೆದಾಗ, ನನಗಿಂತಲೂ ನಜ್ಜುಗುಜ್ಜಾದ ಒಂದು ವಸ್ತು ಲೋಕದಲ್ಲಿ ಇದೆಯೆಂದು ಸಮಾಧಾನವಾಯಿತು. ಅದು ಅವರ ಮೇಜು.

ಆ ಮೇಜನ್ನು ಹೇಗೆ ವರ್ಣಿಸಲಿ? ಭೂಗರ್ಭಶಾಸ್ತ್ರಜ್ಞರು ಬಂಡೆಯ ಪದರಗಳನ್ನು ನೋಡಿ ಕಾಲವನ್ನು ನಿರ್ಣಯಿಸುವಂತೆ ಅಲ್ಲಿಯ ಕಾಗದಗಳ ಕಾಲವನ್ನು ನಿರ್ಣಯಿಸಬೇಕಾಗಿತ್ತು. ಮೇಲಿನ ಪದರ ಈ ವಾರದ್ದು. ಒಂದು ಗೇಣು ಕೆಳಗೆ ಹೋದರೆ ಹೋದ ದೀಪಾವಳಿ. ಇನ್ನೂ ಕೆಳಗೆ ಯಾರದೋ ಮದುವೆಯ ಕರೆಯೋಲೆ. ಆ ದಂಪತಿಗಳಿಗೆ ಆಗಲೇ ಒಂದು ಮಗುವಾಗಿ ನಾಮಕರಣದ ಕರೆಯೋಲೆ ಮೇಲಿನ ಪದರಕ್ಕೆ ಬಂದು ಕುಳಿತಿತ್ತು. ನಡುನಡುವೆ ಕಾಫಿಯ ಲೋಟದ ಉಂಗುರ ಮುದ್ರೆಗಳು. ಕುರ್ಚಿಯ ಹಿಂದೆ ಗೋಡೆಯ ಮೇಲೆ ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರ. ಅಚ್ಚುಕಟ್ಟಾದ ಪೇಟ, ಕತ್ತಿನವರೆಗೆ ಗುಂಡಿ ಹಾಕಿದ ಕೋಟು. ಶಿಸ್ತಿಗೂ ಸಮಯಪಾಲನೆಗೂ ಹೆಸರಾದ ಆ ಮಹನೀಯರು ದಿನವಿಡೀ ಇಂಥ ಮೇಜನ್ನು ನೋಡುತ್ತ ಇರಬೇಕಾಗಿ ಬಂದದ್ದು ಅವರ ಯಾವ ಜನ್ಮದ ಕರ್ಮವೋ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಸಾಹೇಬರು ಕೆಟ್ಟವರಲ್ಲ, ದಡ್ಡರಂತೂ ಅಲ್ಲವೇ ಅಲ್ಲ. ಯಂತ್ರವೊಂದರ ಶಬ್ದವನ್ನು ಬಾಗಿಲಾಚೆಯಿಂದ ಕೇಳಿಯೇ ಅದರ ಯಾವ ಬೇರಿಂಗು ಸವೆದಿದೆಯೆಂದು ಹೇಳಬಲ್ಲವರು. ಆದರೆ ಅದೇ ತಲೆಗೆ, ಹಣೆಯ ಮೇಲಕ್ಕೆ ಏರಿಸಿಕೊಂಡ ಕನ್ನಡಕ ಎಲ್ಲಿದೆಯೆಂಬುದು ತಿಳಿಯುತ್ತಿರಲಿಲ್ಲ. ಅವರಲ್ಲಿ ಮೂರು ದಿನಚರಿ ಪುಸ್ತಕಗಳಿದ್ದವು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಇರುತ್ತಿರಲಿಲ್ಲವಾಗಿ, ಒಂದೇ ದಿನ ಒಂದೇ ಹೊತ್ತಿಗೆ ಮೂವರನ್ನು ಮೂರು ಕಡೆ ಕಾಣುವುದಾಗಿ ಮಾತು ಕೊಟ್ಟು, ಆ ಹೊತ್ತಿನಲ್ಲಿ ನಾಲ್ಕನೆಯ ಕಡೆ ಇರುತ್ತಿದ್ದರು. ಕೊಯಮತ್ತೂರು ಪಂಪುಗಳ ಊರು; ಅಲ್ಲಿಗೆ ತಿಂಗಳಿಗೊಮ್ಮೆಯಾದರೂ ಹೋಗಬೇಕಾಗುತ್ತಿತ್ತು. ಗಾಡಿ ಸಿಟಿ ಸ್ಟೇಷನ್ನಿನಿಂದ, ಎಂದರೆ ಈಗ ಸಂಗೊಳ್ಳಿ ರಾಯಣ್ಣನ ಹೆಸರು ಹೊತ್ತಿರುವ ನಿಲ್ದಾಣದಿಂದ, ಹೊರಡುವ ರಾತ್ರಿ ಇವರು ಯಶವಂತಪುರದ ನಿಲ್ದಾಣದಲ್ಲಿ ಪೆಟ್ಟಿಗೆ ಹಿಡಿದು ನಿಂತು, ಗಾಡಿ ತಡವಾಯಿತೆಂದು ನನಗೆ ಫೋನು ಮಾಡಿದ್ದುಂಟು.

ಇಂಥವರ ಸಹಾಯಕನಾಗಿ ನಾನು ಮೊದಲ ವಾರ ಮಾಡಿದ ಕೆಲಸ ಎಲ್ಲ ಹೊಸಬರೂ ಮಾಡುವ ತಪ್ಪೇ. ಒಂದು ಶನಿವಾರ ಸಂಜೆ ಅವರು ಹೋದ ಮೇಲೆ ಮೇಜನ್ನೆಲ್ಲ ಒಪ್ಪಮಾಡಿಟ್ಟೆ. ಸೋಮವಾರ ಬಂದವರು ಬಾಗಿಲಲ್ಲೇ ನಿಂತು, "ಯಾರಾದರೂ ತೀರಿಕೊಂಡರೇನು?" ಎಂದು ಗಾಬರಿಯಿಂದ ಕೇಳಿದರು. ಅಂದಿನಿಂದ ಮೂರು ದಿನ ಅವರಿಗೆ ಒಂದು ಕಾಗದವೂ ಸಿಕ್ಕಲಿಲ್ಲ. ಅವ್ಯವಸ್ಥೆಯೆಂದು ನಾನು ತಿಳಿದಿದ್ದುದರಲ್ಲಿ ಅವರಿಗೆ ಮಾತ್ರ ತಿಳಿಯುವ ಒಂದು ಭೂಪಟವಿತ್ತು. ಅದನ್ನು ನಾನು ಅಳಿಸಿಹಾಕಿದ್ದೆ. ಆಮೇಲೆ ಮೇಜನ್ನು ಮುಟ್ಟಲಿಲ್ಲ. ಬಂದ ಪ್ರತಿ ಕಾಗದವನ್ನೂ ಮೊದಲು ನಾನು ನೋಡಿ, ಒಂದು ಪ್ರತಿ ತೆಗೆದಿಟ್ಟು, ಆಮೇಲೆ ಅದನ್ನು ಆ ಮಹಾಸಾಗರಕ್ಕೆ ಬಿಡುವ ಪದ್ಧತಿ ಮಾಡಿಕೊಂಡೆ. ಸಭೆ ಹನ್ನೊಂದಕ್ಕಿದ್ದರೆ ಹತ್ತೂವರೆಗೆ ಎಂದು ಹೇಳುವುದನ್ನು ಕಲಿತೆ. ಎರಡು ತಿಂಗಳಲ್ಲಿ ಅವರು ಅದನ್ನು ಪತ್ತೆಹಚ್ಚಿ, ನಾನು ಹೇಳಿದ್ದಕ್ಕೆ ತಾವೇ ಅರ್ಧ ಗಂಟೆ ಕೂಡಿಸಿಕೊಳ್ಳತೊಡಗಿದರು. ನಾನು ಹತ್ತು ಗಂಟೆ ಎನ್ನತೊಡಗಿದೆ. "ಏನು ಮಾಡೋಣ?" ಎಂದು ಕೇಳಿದರೆ ಉತ್ತರ ಬರುವುದಿಲ್ಲ, "ಹೀಗೆ ಮಾಡಲೇ?" ಎಂದು ಕೇಳಿದರೆ ಬರುತ್ತದೆ ಎಂಬುದನ್ನು ಕಂಡುಕೊಂಡೆ. ರುಜು ಬೇಕಾದಾಗ ಕಾಗದದೊಂದಿಗೆ ಪೆನ್ನನ್ನೂ ಒಯ್ಯಬೇಕು, ಬರುವಾಗ ಪೆನ್ನನ್ನು ಮರೆಯದೆ ತರಬೇಕು ಎಂಬುದನ್ನು ಹನ್ನೊಂದು ಪೆನ್ನುಗಳನ್ನು ಕಳೆದುಕೊಂಡು ಕಲಿತೆ.

ಕನ್ನಡ ಎಂ. ಎ. ಆದವನಿಗೆ ಸಮಾಧಾನಗಳು ಹುಡುಕಿದಷ್ಟೂ ಸಿಗುತ್ತವೆ. ವ್ಯಾಸರು ಹೇಳಿದ್ದನ್ನು ಬರೆದುಕೊಂಡ ಗಣಪತಿಯೇ ಲೋಕದ ಮೊದಲ ಆಪ್ತ ಸಹಾಯಕನಲ್ಲವೇ ಎಂದುಕೊಂಡೆ. ನಡುವೆ ನಿಲ್ಲಿಸದೆ ಹೇಳಬೇಕೆಂದು ಅವನ ಷರತ್ತು; ಅರ್ಥವಾಗದೆ ಬರೆಯಬಾರದೆಂದು ವ್ಯಾಸರ ಷರತ್ತು. ನಮ್ಮ ಸಾಹೇಬರು ಪ್ರತಿಯೊಂದು ವಾಕ್ಯವನ್ನೂ ನಡುವೆ ನಿಲ್ಲಿಸುತ್ತಿದ್ದರು, ನಾನು ಪ್ರತಿಯೊಂದನ್ನೂ ಅರ್ಥವಾಗದೆಯೇ ಬರೆಯುತ್ತಿದ್ದೆ. ಆದರೂ ಕಾರ್ಖಾನೆ ನಡೆಯುತ್ತಿತ್ತು. ಬಿಜ್ಜಳನ ಆಡಳಿತದಲ್ಲಿ ಕರಣಿಕನಾಗಿ ಸೇರಿದ ಬಸವಣ್ಣ ಭಂಡಾರಿಯಾದನೆಂದು ಪರಂಪರೆ ಹೇಳುತ್ತದೆ. ರಗಳೆಯ ಕವಿ ಹರಿಹರನೂ ಹೊಯ್ಸಳರಲ್ಲಿ ಕರಣಿಕನಾಗಿದ್ದು, ಅದನ್ನು ಬಿಟ್ಟು ಹಂಪೆಗೆ ಹೋದನೆಂದು ಪ್ರತೀತಿ. ಇಂದು ಕಚೇರಿಗಳಲ್ಲಿ ಫೈಲಿಗೆ ನಾವು ಬಳಸುವ 'ಕಡತ' ಎಂಬ ಮಾತು ಕೂಡ ಅವರ ಹಿಂದಿನಿಂದ ಬಂದದ್ದೇ. ಬಟ್ಟೆಗೆ ಹುಣಿಸೆಬೀಜದ ಸರಿಯಲ್ಲಿ ಇದ್ದಿಲು ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕ ಅದು. ಶೃಂಗೇರಿಯ ಮಠದಲ್ಲಿ ಅಂಥ ಕಡತಗಳು ಉಳಿದುಬಂದಿವೆ. ಅದರ ಗುಣವೂ ದೋಷವೂ ಒಂದೇ: ಬರೆದದ್ದನ್ನು ಒರಸಬಹುದು. ನಮ್ಮ ತಾತ ಹಳ್ಳಿಯ ಶ್ಯಾನುಭೋಗರಾಗಿದ್ದವರು. ಕೆಂಪು ಬಟ್ಟೆಯಲ್ಲಿ ದಫ್ತರ ಕಟ್ಟುವಾಗ, "ಲೆಕ್ಕದವನು ಒಂದು ಗಂಟನ್ನು ಕೆಳಗೆ ಹಾಕಿದರೆ ಒಂದು ಮನೆ ಕೆಳಗೆ ಬಿದ್ದಂತೆ" ಎಂದು ಹೇಳುತ್ತಿದ್ದರಂತೆ. ನಮ್ಮ ತಂದೆ ಈ ಮಾತನ್ನು ನನಗೆ ಹೇಳಿದಾಗ ಅದು ಬರಿಯ ಅಲಂಕಾರವೆಂದು ತಿಳಿದಿದ್ದೆ.

ವರ್ಷ ತುಂಬುವುದರೊಳಗೆ ನಾನು ನನ್ನ ಕೆಲಸದಲ್ಲಿ ನಿಪುಣನಾದೆ. ನನ್ನ ಕೊಠಡಿಯಲ್ಲಿ ಒಂದು ಉಕ್ಕಿನ ಬೀರು. ಅದರಲ್ಲಿ ಮೂರು ಬಣ್ಣದ ಹೊದಿಕೆಗಳು. ಅಂದೇ ಆಗಬೇಕಾದದ್ದು ಕೆಂಪು, ವಾರದೊಳಗೆ ಆಗಬೇಕಾದದ್ದು ಹಳದಿ, ಅವಸರವಿಲ್ಲದ್ದು ಹಸಿರು. ಪ್ರತಿ ಕಾಗದದ ಮೂಲೆಗೆ ಅದೇ ಬಣ್ಣದ ಒಂದು ಚೀಟಿ, ಅದರ ಮೇಲೆ ನನ್ನ ದುಂಡಗಿನ ಅಕ್ಷರದಲ್ಲಿ ತಾರೀಖು. ಬ್ಯಾಂಕಿನ ಕಾಗದ, ಗಿರಾಕಿಗಳ ಕಾಗದ, ಇಲಾಖೆಯ ನೋಟೀಸು ಎಲ್ಲವೂ ಹೊತ್ತಿಗೆ ಸರಿಯಾಗಿ ಸಾಹೇಬರ ಮುಂದೆ ಬಂದು, ರುಜುವಾಗಿ ಹೋಗತೊಡಗಿದವು. ಹೊರಗಿನವರು ಸಾಹೇಬರನ್ನು ಹೊಗಳತೊಡಗಿದರು. ಒಬ್ಬ ಬ್ಯಾಂಕ್ ಅಧಿಕಾರಿ, "ನಿಮ್ಮಷ್ಟು ವ್ಯವಸ್ಥಿತವಾಗಿ ಕೆಲಸ ಮಾಡುವವರನ್ನು ನಾನು ನೋಡಿಲ್ಲ" ಎಂದಾಗ ಸಾಹೇಬರು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಭಾವಚಿತ್ರದಲ್ಲಿದ್ದ ಸರ್ ಎಂ. ವಿ. ಕೂಡ ಸ್ವಲ್ಪ ಮುಗುಳ್ನಕ್ಕಂತೆ ನನಗೆ ಭಾಸವಾಯಿತು. ನನ್ನ ಎದೆ ಎಷ್ಟು ಉಬ್ಬಿತೆಂದರೆ, ಆ ಸಂಜೆ ಬಸ್ಸಿನಲ್ಲಿ ನಿಲ್ಲಲು ಮಾಮೂಲಿಗಿಂತ ಹೆಚ್ಚು ಜಾಗ ಬೇಕಾಯಿತು.

2013ರ ಜೂನ್ ತಿಂಗಳ ನಡುವಿನಲ್ಲಿ ಒಂದು ಬೆಳಗ್ಗೆ, ಲೇತ್ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ಮಾರ್ಚ್ ಕೊನೆಯಲ್ಲಿ ನಿವೃತ್ತರಾಗಿದ್ದ ಹಿರಿಯ ಕೆಲಸಗಾರರೊಬ್ಬರು ಕಚೇರಿಗೆ ಬಂದರು. ಮೊದಲು ಚಪ್ಪಲಿಯನ್ನು ಹೊರಗೆ ಬಿಟ್ಟು, ಆಮೇಲೆ ಏನೋ ನೆನಪಾದವರಂತೆ ಹಾಕಿಕೊಂಡು, ಮತ್ತೆ ಬಿಟ್ಟು ಒಳಗೆ ಬಂದರು. ಗ್ರಾಚುಯಿಟಿಯ ಹಣ ಇನ್ನೂ ಬಂದಿಲ್ಲವೆಂದು ಹೇಳಲು ಅವರಿಗೆ ಹತ್ತು ನಿಮಿಷ ಹಿಡಿಯಿತು. ಸಾಹೇಬರ ಮನೆಯವರ ಆರೋಗ್ಯ, ಹೊಸ ಯಂತ್ರದ ಸಮಾಚಾರ, ಮಳೆ, ಎಲ್ಲವನ್ನೂ ವಿಚಾರಿಸಿದ ಮೇಲೆ, ತಪ್ಪು ಮಾಡಿದವರಂತೆ ತಲೆ ತಗ್ಗಿಸಿ ಆ ಮಾತನ್ನು ಆಡಿದರು.

ಆಗ ಜಾರಿಯಲ್ಲಿದ್ದ 1972ರ ಕಾಯಿದೆಯ ಲೆಕ್ಕ ಸರಳವಾದದ್ದು. ಕೊನೆಯ ತಿಂಗಳ ಸಂಬಳವನ್ನು ಇಪ್ಪತ್ತಾರರಿಂದ ಭಾಗಿಸಿ, ಹದಿನೈದರಿಂದ ಗುಣಿಸಿದರೆ ಒಂದು ವರ್ಷದ ಸೇವೆಗೆ ಸಲ್ಲಬೇಕಾದ ಹಣ. ಅದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. ಅವರ ಮೂಲ ಸಂಬಳ, ತುಟ್ಟಿಭತ್ಯೆ ಸೇರಿ 13,000 ರೂಪಾಯಿ. ವರ್ಷಕ್ಕೆ 7,500, ಮೂವತ್ತೊಂದು ವರ್ಷಕ್ಕೆ 2,32,500. ಮೂವತ್ತು ದಿನಗಳೊಳಗೆ, ಎಂದರೆ ಏಪ್ರಿಲ್ ತಿಂಗಳು ಮುಗಿಯುವುದರೊಳಗೆ, ಅದು ಅವರ ಕೈ ಸೇರಬೇಕಾಗಿತ್ತು. ಅದನ್ನು ನೆಚ್ಚಿಕೊಂಡು ಅವರು ಮಾಗಡಿಯ ಕಡೆಯ ತಮ್ಮ ಹಳ್ಳಿಯಲ್ಲಿ ಎರಡು ಕೋಣೆಯ ಮನೆಗೆ ಗೋಡೆ ಎಬ್ಬಿಸಿದ್ದರು. ಮಣ್ಣುಗಾರೆಯ ಇಟ್ಟಿಗೆ ಗೋಡೆ. ಮೇ ತಿಂಗಳಲ್ಲಿ ತಾರಸಿ ಹಾಕಿಸಬೇಕೆಂದಿತ್ತು. ಹಣ ಬರಲಿಲ್ಲ, ಮಳೆ ಬಂದಿತು. "ಪಡುವಣ ಗೋಡೆ ಕುಳಿತುಬಿಟ್ಟಿತು ಸ್ವಾಮಿ, ಪರವಾಗಿಲ್ಲ, ಹೊತ್ತು ಕಂತುವ ದಿಕ್ಕು ತಾನೆ" ಎಂದು ಅವರು ನಗಲು ನೋಡಿದರು.

ಸಾಹೇಬರ ಮುಖ ಕಪ್ಪಿಟ್ಟಿತು. ಮೇಜನ್ನು ಒಮ್ಮೆ ನೋಡಿದರು. "ತಪ್ಪು ನನ್ನದು. ಇದರಲ್ಲೇ ಎಲ್ಲೋ ಮುಳುಗಿಹೋಗಿರಬೇಕು. ಈ ದರಿದ್ರ ಮೇಜು!" ಎಂದು ಎದ್ದು ನಿಂತು, ಆ ಹಿರಿಯರನ್ನು ಕೈಹಿಡಿದು ಕುರ್ಚಿಯಲ್ಲಿ ಕೂರಿಸಿ, ಪದರಪದರವಾಗಿ ಕಾಗದಗಳನ್ನು ಕಿತ್ತು ನೆಲಕ್ಕೆ ಹಾಕತೊಡಗಿದರು.

ನಾನು ನನ್ನ ಕೊಠಡಿಗೆ ಬಂದೆ. ಅನುಮಾನ ಬಂದಿತ್ತೆಂದು ಹೇಳಲಾರೆ; ಗೊತ್ತಿತ್ತು. ಬೀರು ತೆರೆದೆ. ಹಸಿರು ಹೊದಿಕೆಯಲ್ಲಿ, ತಾರೀಖಿನ ಕ್ರಮಕ್ಕೆ ಸರಿಯಾಗಿ, ಒಂದು ಮಡಿಕೆಯೂ ಇಲ್ಲದೆ ಆ ಮಂಜೂರಾತಿಯ ಕಾಗದ ಇತ್ತು. ಲೆಕ್ಕಪತ್ರ ವಿಭಾಗದವರು ಅದನ್ನು ಏಪ್ರಿಲ್ ಮೊದಲ ವಾರವೇ ಸಿದ್ಧಮಾಡಿ ಕಳಿಸಿದ್ದರು. ಮೇ ತಿಂಗಳಲ್ಲಿ ಅವರಲ್ಲೊಬ್ಬರು ವಿಚಾರಿಸಿದಾಗ, "ಸಾಹೇಬರ ಹತ್ತಿರ ಇದೆ" ಎಂದು ನಾನು ಹೇಳಿದ್ದೆ. ಆ ಕಾರ್ಖಾನೆಯಲ್ಲಿ ಇದಕ್ಕಿಂತ ಭದ್ರವಾದ ಉತ್ತರ ಇನ್ನೊಂದಿರಲಿಲ್ಲ. ಸಾಹೇಬರ ಮೇಜನ್ನು ಬಲ್ಲವರು ಯಾರೂ ಮರುಮಾತು ಕೇಳುತ್ತಿರಲಿಲ್ಲ.

ಓದುಗರು ನನ್ನನ್ನು ಕ್ಷಮಿಸಬೇಕಾದದ್ದು ಈ ತಪ್ಪಿಗಾಗಿ ಅಲ್ಲ, ಮುಂದೆ ಮಾಡಿದ್ದಕ್ಕಾಗಿ. ಕಾಗದವನ್ನು ಬೇರೆ ನಾಲ್ಕು ಕಾಗದಗಳ ನಡುವೆ ಹಿಡಿದುಕೊಂಡು ಸಾಹೇಬರ ಕೊಠಡಿಗೆ ಹೋದೆ. ನಾನೂ ಬಗ್ಗಿ ಹುಡುಕುವವನಂತೆ ನಟಿಸಿ, ಮೇಜಿನ ಎಡಮೂಲೆಯ ರಾಶಿಯಿಂದ ಎಂಬಂತೆ ಅದನ್ನು ಹೊರತೆಗೆದು, "ಇಲ್ಲಿದೆ ಸಾರ್" ಎಂದೆ. ಸಾಹೇಬರು ಅದನ್ನು ತೆಗೆದುಕೊಂಡು ನೋಡಿದರು. ನನ್ನ ಪೆನ್ನಿನಿಂದಲೇ ರುಜು ಮಾಡಿದರು. ಆ ಹಿರಿಯರಿಗೆ ಕೈಮುಗಿದು ಮತ್ತೊಮ್ಮೆ ಕ್ಷಮೆ ಕೇಳಿದರು. ಅವರು, "ದೊಡ್ಡವರು ನೀವು, ನೂರೆಂಟು ತಾಪತ್ರಯ" ಎಂದು ಸಾಹೇಬರನ್ನೇ ಸಂತೈಸಿದರು. ಹೋಗುವಾಗ ನನ್ನ ಕಡೆ ತಿರುಗಿ, "ನಿಮ್ಮಂಥವರು ಇರೋದರಿಂದ ನಮ್ಮ ಕೆಲಸ ಆಗ್ತದೆ" ಎಂದರು. ಆ ಮಾತನ್ನು ನಾನು ಇಂದಿಗೂ ಮರೆತಿಲ್ಲ.

ಆ ವಾರವೇ ಹಣ ಸಂದಾಯವಾಯಿತು. ತಡವಾದುದಕ್ಕೆ ಕಾಯಿದೆಯಂತೆ ಸರಳಬಡ್ಡಿಯನ್ನೂ ಸೇರಿಸಿ ಕೊಟ್ಟೆವು. ಆ ಬಡ್ಡಿ, ಬಿದ್ದ ಗೋಡೆಯ ಇಟ್ಟಿಗೆ ಹೊತ್ತುಹಾಕುವ ಕೂಲಿಗೆ ಸಾಕಾಗಿದ್ದರೆ ಹೆಚ್ಚು. ಭಾನುವಾರ ಸಾಹೇಬರು ತಾವೇ ಕಾರು ನಡೆಸಿಕೊಂಡು ಆ ಹಳ್ಳಿಗೆ ಹೋದರು. ದಾರಿ ತಪ್ಪಿಸದೆ ಕರೆದೊಯ್ಯಲು ನನ್ನನ್ನೂ ಕರೆದುಕೊಂಡರು. ನಾನು ಆ ಗೋಡೆಯನ್ನು ನೋಡಿದೆ. ಬಿದ್ದ ಗೋಡೆ ಬಿದ್ದ ಗೋಡೆಯಂತೆಯೇ ಇತ್ತು: ಕರಗಿದ ಮಣ್ಣು, ಅದರಲ್ಲಿ ಅರ್ಧ ಹೂತ ಇಟ್ಟಿಗೆಗಳು, ಮೇಲೆ ಹೊದಿಸಿದ ಹರಕು ಟಾರ್ಪಾಲು. ಕಿಟಕಿಯ ಚೌಕಟ್ಟು ಮಾತ್ರ ನೆಟ್ಟಗೆ ನಿಂತಿತ್ತು; ಅದರ ಎರಡು ಕಡೆಯೂ ಆಕಾಶ. ಸಾಹೇಬರು ಆ ಮನೆಯ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಮಾತನಾಡಿಸಿದರು. ದೊಡ್ಡ ಮಗಳ ಗಂಡನ ಊರು, ಹಿಂದೆ ಯಾವಾಗಲೋ ಕೈಗೆ ಪೆಟ್ಟಾದ ವರ್ಷ, ಎಲ್ಲವೂ ಅವರಿಗೆ ನೆನಪಿತ್ತು. ತನ್ನ ಕನ್ನಡಕ ಎಲ್ಲಿದೆಯೆಂದು ತಿಳಿಯದ ತಲೆಯಲ್ಲಿ ಅಷ್ಟು ಜನ ಕುಳಿತಿದ್ದರು. ನನ್ನ ಮೂರು ಬಣ್ಣದ ಹೊದಿಕೆಗಳಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ.

ತಾರಸಿಯ ಖರ್ಚಿಗೆ ಏನಾದರೂ ತಾವು ಕೊಡುವುದಾಗಿ ಸಾಹೇಬರು ಹೇಳಿದಾಗ ಹಿರಿಯರು ಒಪ್ಪಲಿಲ್ಲ. "ನನ್ನದು ನನಗೆ ಬಂದಿದೆ" ಎಂದರು. ಒಂದು ಗೊನೆ ಬಾಳೆಯನ್ನು ಕಾರಿನಲ್ಲಿ ಇಡಿಸಿದರು.

ಹಿಂದಿರುಗುವಾಗ, ಮಾಗಡಿ ದಾಟಿದ ಮೇಲೆ, ನನಗೆ ತಡೆದುಕೊಳ್ಳಲಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಬೀರು, ಹಸಿರು ಹೊದಿಕೆ, ಮೇಜಿನ ಮೂಲೆಯ ನಾಟಕ, ಯಾವುದನ್ನೂ ಬಿಡಲಿಲ್ಲ. ಸಾಹೇಬರು ರಸ್ತೆಯಿಂದ ಕಣ್ಣು ತೆಗೆಯದೆ, "ಗೊತ್ತು" ಎಂದರು.

"ಹೇಗೆ ಗೊತ್ತಾಯಿತು ಸಾರ್?"

"ಕಾಗದದ ಮೂಲೆಯಲ್ಲಿ ಹಸಿರು ಚೀಟಿ ಇತ್ತಲ್ಲಪ್ಪ, ನಿನ್ನ ಅಕ್ಷರದಲ್ಲಿ. ಅಲ್ಲದೆ, ನನ್ನ ಮೇಜಿನ ಮೇಲೆ ಎರಡು ತಿಂಗಳಿದ್ದ ಕಾಗದದ ಮೇಲೆ ಕಾಫಿಯ ಕಲೆ ಇಲ್ಲದೆ ಇರುತ್ತದೆಯೇ?"

"ಮತ್ತೆ ಆಗಲೇ ಏಕೆ ಹೇಳಲಿಲ್ಲ?"

"ನನ್ನ ಮೇಜಿನ ದೆಸೆಯಿಂದ ನೀನು ಊರವರ ಹತ್ತಿರವೆಲ್ಲ ಬೈಸಿಕೊಂಡಿದ್ದೀಯೆ. ನಿನ್ನ ಬೀರುವಿನ ದೆಸೆಯಿಂದ ನಾನು ಒಂದು ಸಲ ಬೈಸಿಕೊಂಡರೆ ತಪ್ಪೇನು?" ಎಂದು, ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಿಬ್ಬರ ಲೆಕ್ಕ ಹಾಗೆ ಸರಿಹೋಯಿತು. ಆ ಗೋಡೆಯ ಲೆಕ್ಕ ಹೇಗೆ ಸರಿಮಾಡೋದು, ಹೇಳು" ಎಂದರು.

ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಆ ರಾತ್ರಿ ಕೂತು, ಕೆಂಪು ಹೊದಿಕೆಯಲ್ಲಿ ಯಾರ ಯಾರ ಕಾಗದಗಳನ್ನು ಇಡುತ್ತಿದ್ದೆನೆಂದು ನೆನಪು ಮಾಡಿಕೊಂಡೆ. ಬ್ಯಾಂಕು ಕೂಗಾಡುತ್ತದೆ, ಗಿರಾಕಿ ಕೂಗಾಡುತ್ತಾನೆ, ಇಲಾಖೆ ದಂಡ ಹಾಕುತ್ತದೆ. ಯಾರು ಗದ್ದಲ ಮಾಡಬಲ್ಲರೋ ಅವರದು ಕೆಂಪು. ಯಾರು ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೋ ಅವರದು ಹಸಿರು. ಇದನ್ನೇ ನಾನು ವ್ಯವಸ್ಥೆಯೆಂದು ಕರೆದಿದ್ದೆ. ಸಾಹೇಬರ ಅವ್ಯವಸ್ಥೆಯಲ್ಲಿ ಬ್ಯಾಂಕಿನ ಕಾಗದವೂ ಬಡವನ ಕಾಗದವೂ ಸಮನಾಗಿ ಕಳೆದುಹೋಗುತ್ತಿದ್ದವು. ಅದರಲ್ಲಾದರೂ ಒಂದು ನ್ಯಾಯವಿತ್ತು. ಹಾಗೆಂದು ನಾನು ಅವ್ಯವಸ್ಥೆಯನ್ನು ಹೊಗಳುತ್ತಿಲ್ಲ. ಆ ಮೇಜು ಹಾಗೆ ಇಲ್ಲದೆ ಇದ್ದಿದ್ದರೆ ನನ್ನ "ಸಾಹೇಬರ ಹತ್ತಿರ ಇದೆ" ಎಂಬ ಮಾತನ್ನು ಯಾರೂ ನಂಬುತ್ತಿರಲಿಲ್ಲ. ಗೋಡೆ ಬಿದ್ದದ್ದು ನಮ್ಮಿಬ್ಬರಿಂದಲೂ; ಆದರೆ ಅವರಿಗೆ ತಮ್ಮ ದೋಷ ಗೊತ್ತಿತ್ತು, ನನಗೆ ನನ್ನದು ಗೊತ್ತಿರಲಿಲ್ಲ.

ಮರುದಿನ ಹಸಿರು ಹೊದಿಕೆಯನ್ನು ಬೀರುವಿನಿಂದ ತೆಗೆದೆ. ಕೆಲಸಗಾರರ ಹಣಕಾಸಿನ ಕಾಗದ ಯಾವುದೇ ಬಂದರೂ, ರುಜುವಾಗುವ ತನಕ ಸಾಹೇಬರಿಗೆ ಕಾಫಿ ಕೊಡಕೂಡದೆಂದು ಅಡುಗೆಯವನಿಗೆ ಹೇಳಿಟ್ಟೆ. ಸಾಹೇಬರು ಇದನ್ನು ಮನಃಪೂರ್ವಕವಾಗಿ ಒಪ್ಪಿ, ಎರಡೇ ದಿನದಲ್ಲಿ ಮರೆತು, ಮೂರನೆಯ ದಿನ ಕಾಫಿಗಾಗಿ ಕೂಗಾಡಿದರು. ಆದರೂ ಆ ಕ್ರಮ ನಾನಿದ್ದಷ್ಟು ದಿನ ನಡೆಯಿತು. ಹಿರಿಯರ ಮನೆಗೆ ಮಳೆಗಾಲ ಕಳೆದ ಮೇಲೆ ಗೋಡೆ ಎದ್ದು ತಾರಸಿಯೂ ಆಯಿತು. ಗೃಹಪ್ರವೇಶಕ್ಕೆ ಸಾಹೇಬರು ಒಂದು ದಿನ ಮುಂಚೆಯೇ ಹೋಗಿ, ಇನ್ನೂ ಸುಣ್ಣ ಬಳಿಯುತ್ತಿದ್ದವರೊಡನೆ ಕೂತು ಊಟ ಮಾಡಿ ಬಂದರು.

ಮುಂದಿನ ವರ್ಷ ನಾನು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಕಾಲೇಜಿಗೆ ಬಂದೆ. ಈಗ ನನಗೂ ಒಂದು ಮೇಜಿದೆ. ಅದರ ಮೇಲೆ ಉತ್ತರಪತ್ರಿಕೆಗಳು, ಸುತ್ತೋಲೆಗಳು, ವಿದ್ಯಾರ್ಥಿವೇತನದ ಅರ್ಜಿಗಳು. ಸುತ್ತೋಲೆಗಳು ತಮ್ಮ ಕೆಲಸವನ್ನು ತಾವೇ ಮಾಡಿಸಿಕೊಳ್ಳಬಲ್ಲವು. ಅವುಗಳ ಹಿಂದೆ ಪ್ರಿನ್ಸಿಪಾಲರಿದ್ದಾರೆ. ಬಾಗಿಲ ಬಳಿ ನಿಂತು, ಒಳಗೆ ಬರಲೋ ಬೇಡವೋ ಎಂದು ಯೋಚಿಸುತ್ತಿರುವ ಹುಡುಗಿಯ ಅರ್ಜಿಯನ್ನು ನಾನು ಮೊದಲು ತೆಗೆದುಕೊಳ್ಳುತ್ತೇನೆ. ಪ್ರತಿ ದಿನವೂ ಹಾಗೆ ಮಾಡುತ್ತೇನೆಂದು ಪ್ರಮಾಣ ಮಾಡಲಾರೆ. ಮರೆತ ದಿನ ಕಿಟಕಿಯ ಆ ಚೌಕಟ್ಟು ನೆನಪಾಗುತ್ತದೆ.

ಸಾಹೇಬರು ಈಗ ವಿಶ್ರಾಂತರು. ಪ್ರತಿ ಯುಗಾದಿಗೂ ತಪ್ಪದೆ ಫೋನು ಮಾಡಿ ಹರಸುತ್ತಾರೆ, ಯುಗಾದಿಯ ಮರುದಿನ. ಹೋದ ಸಲ ಮಾತು ಮುಗಿಸುವಾಗ, "ಅಲ್ಲಯ್ಯಾ, ನನ್ನ ಕನ್ನಡಕ ಎಲ್ಲಿಟ್ಟಿರಬಹುದು, ಏನಾದರೂ ಅಂದಾಜು ಇದೆಯೇ?" ಎಂದು ಕೇಳಿದರು. "ಹಣೆಯ ಮೇಲೆ ನೋಡಿಕೊಳ್ಳಿ ಸಾರ್" ಎಂದೆ. ಒಂದು ಕ್ಷಣ ಸದ್ದಿರಲಿಲ್ಲ.

"ಇದೆ" ಎಂದರು.